ಜರ್ಮನಿಯ ಪಬ್ಲಿಕ್ ಆರೋಗ್ಯ ವಿಮೆ: ಹಲವು ವರ್ಷ ಬಳಸಿದ ಮೇಲೆ

ಮ್ಯೂನಿಕ್‌ಗೆ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳುವುದು ಬಾಡಿಗೆ ಮನೆಯ ಬಗ್ಗೆ, ಆಮೇಲೆ ವಿಮೆಯ ಬಗ್ಗೆ: ಪಬ್ಲಿಕ್ಕೋ, ಪ್ರೈವೇಟೋ? ಸಂಸಾರ ಇರುವವರಿಗೆ ನಾನು ಪಬ್ಲಿಕ್ ಅಂತಲೇ ಹೇಳುತ್ತೇನೆ.

ಸಂಬಳದ ಚೀಟಿಯಲ್ಲಿ ಕಡಿತ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಮೂಲ ದರವೇ ಶೇ. 14.6, ಅದರ ಮೇಲೆ ಒಂದೊಂದು ಕ್ರಾಂಕೆನ್‌ಕಾಸೆ, ಅಂದರೆ ಪಬ್ಲಿಕ್ ವಿಮೆ ನಡೆಸುವ ಸಂಸ್ಥೆ, ತನ್ನದೊಂದು ಹೆಚ್ಚುವರಿ ದರ ಹಾಕುತ್ತದೆ. ಎರಡರಲ್ಲೂ ಅರ್ಧ ಕಂಪನಿ ಕಟ್ಟುತ್ತದೆ. ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ, ಜೊತೆಗೆ ಮಕ್ಕಳು, ಎಲ್ಲರೂ ಅದೇ ಕಂತಿನಲ್ಲಿ ಸೇರುತ್ತಾರೆ. ಪ್ರೈವೇಟಿನಲ್ಲಾದರೆ ತಲೆಗೊಂದು ಕಂತು. ಚಿಕ್ಕ ವಯಸ್ಸಿನಲ್ಲಿ ಅಗ್ಗ ಅಂತ ಅಲ್ಲಿಗೆ ಹೋದವರಿಗೆ 55 ದಾಟಿದ ಮೇಲೆ ಮರಳಿ ಬರುವ ದಾರಿ ಹೆಚ್ಚುಕಮ್ಮಿ ಮುಚ್ಚಿದ ಹಾಗೆಯೇ.

ಈ ವಿಮೆಯ ಬೆಲೆ ನಮಗೆ ಗೊತ್ತಾದದ್ದು ಮಗಳು ಹುಟ್ಟಿದಾಗ. ವೀಸಾ ತಡವಾಗಿ ಅತ್ತೆ ಬರಲಾಗಲಿಲ್ಲ, ಬಾಣಂತನಕ್ಕೆ ಯಾರೂ ಇಲ್ಲ. ಹೆರಿಗೆಯಾದ ಮೊದಲ 10 ದಿನ ಹೆಬಾಮೆ, ಅಂದರೆ ಸೂಲಗಿತ್ತಿ, ಬೇಕಿದ್ದರೆ ದಿನವೂ ಮನೆಗೆ ಬರಬಹುದು, ಖರ್ಚೆಲ್ಲ ವಿಮೆಯದು. ನಮ್ಮ ಮನೆಗೆ ಬಂದಾಕೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಮೇಲೆ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದಳು. ತೂಕ ಬರೆದುಕೊಂಡು, ಹೊಕ್ಕುಳು ನೋಡಿ, ಹಾಲು ಕುಡಿಸುವಾಗ ಹೇಗೆ ಹಿಡಿಯಬೇಕೆಂದು ಹೆಂಡತಿಯ ಪಕ್ಕ ಕೂತು ತೋರಿಸುತ್ತಿದ್ದಳು. ನಾವು ಎಣ್ಣೆ ಹಚ್ಚಿ ನೀರು ಹಾಕುವುದನ್ನೂ ಆಸಕ್ತಿಯಿಂದ ನೋಡಿದಳು. ಆಸ್ಪತ್ರೆಯಿಂದ ಬಿಲ್ ಬರಲಿಲ್ಲ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಹೆಬಾಮೆಯನ್ನು ಹುಡುಕಲು ಶುರುಮಾಡಿ. ತಡವಾದರೆ ಸಿಗುವುದು ಕಷ್ಟ.

ಉಳಿದ ಖರ್ಚು ಚಿಕ್ಕದು. ದೊಡ್ಡವರಿಗೆ ಡಾಕ್ಟರ್ ಚೀಟಿಯ ಒಂದು ಔಷಧಿಗೆ ಹೆಚ್ಚೆಂದರೆ 10 ಯೂರೋ, ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. 2024ರಿಂದ ಕಾಗದದ ಚೀಟಿಯ ಬದಲು ಇ-ರೆಸೆಪ್ಟ್. ಮೆಡಿಕಲ್ ಶಾಪಿನಲ್ಲಿ ವಿಮೆಯ ಕಾರ್ಡು ಹಾಕಿದರೆ ಸಾಕು.

ಕೊರತೆ ಎಂದರೆ ಕಾಯುವುದು. ಚರ್ಮದ ಡಾಕ್ಟರಿಗೆ ಫೋನ್ ಮಾಡಿದರೆ ತಿಂಗಳುಗಟ್ಟಲೆ ಆಚೆಯ ದಿನ ಕೊಡುತ್ತಾರೆ. ಮಕ್ಕಳ ಡಾಕ್ಟರುಗಳಲ್ಲಿ ಎಷ್ಟೋ ಜನ ಹೊಸಬರನ್ನು ಸೇರಿಸಿಕೊಳ್ಳುವುದೇ ಇಲ್ಲ. ನಿಮ್ಮ ಮನೆ ಡಾಕ್ಟರ್ ತುರ್ತಿನ ಕೋಡ್ ಹಾಕಿ ಶಿಫಾರಸು ಚೀಟಿ ಕೊಟ್ಟರೆ, ಡಾಕ್ಟರ ಸಮಯ ಕೊಡಿಸುವ ಸಹಾಯವಾಣಿ 116117ಕ್ಕೆ ಕರೆ ಮಾಡಿ ಬೇಗ ಸಮಯ ಪಡೆಯಬಹುದು. ಇದನ್ನು ಅವರಾಗಿ ಹೇಳದಿದ್ದರೆ ನೀವೇ ಕೇಳಿ. ಜ್ವರಕ್ಕೆ ಹೋದರೆ ಆಂಟಿಬಯಾಟಿಕ್ ಕೊಡದೆ, ಚಹಾ ಕುಡಿದು ಮಲಗಿ ಎನ್ನುತ್ತಾರೆ ಅಂತ ನಮ್ಮವರು ಗೊಣಗುತ್ತಾರೆ. ನನಗೆ ಅದು ಸರಿ ಅಂತಲೇ ಅನಿಸಿದೆ.

ನನಗೆ ನಿಜವಾಗಿ ನೋವು ಕೊಟ್ಟದ್ದು ಬೇರೆ. ಅಪ್ಪ-ಅಮ್ಮ ಈ ಕುಟುಂಬ ವಿಮೆಯೊಳಗೆ ಬರುವುದಿಲ್ಲ. ಅವರ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ನಾವು ಕೊಂಡ ಪಾಲಿಸಿಯವರು, ಅಪ್ಪನ ಶುಗರ್ ಏರಿ ಆಸ್ಪತ್ರೆಗೆ ಸೇರಿಸಿದಾಗ, ಹಳೆಯ ಕಾಯಿಲೆ ಎಂದು ಕ್ಲೇಮ್ ತಳ್ಳಿಹಾಕಿದರು. ಬಿಪಿ, ಶುಗರ್ ಇಲ್ಲದ ತಂದೆತಾಯಿ ನಮ್ಮಲ್ಲಿ ಎಷ್ಟು ಮನೆಗಳಲ್ಲಿದ್ದಾರೆ? ಕೊಳ್ಳುವ ಮೊದಲು, ಹಳೆಯ ಕಾಯಿಲೆ ಒಮ್ಮೆಲೇ ಉಲ್ಬಣಿಸಿದರೆ ದುಡ್ಡು ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ನಾವು ಊರಿಗೆ ಹೋದಾಗಲೂ ಇಲ್ಲಿನ ಕಾರ್ಡು ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ವಿದೇಶ ಪ್ರವಾಸ ವಿಮೆ ಮಾಡಿಸಬೇಕು, ಒಂದು ಪ್ರವಾಸಕ್ಕೆ ಎಷ್ಟು ದಿನದ ಮಿತಿ ಎಂಬುದನ್ನೂ ನೋಡಿಕೊಳ್ಳಬೇಕು.