ಏಜೆಂಟ್‌ಗೆ ಟೂಲ್ ಹೇಳಿಕೊಡಲು ನಾಲ್ಕು ದಾರಿ: ಯಾವುದು ಗಂಜ್‌ನಲ್ಲಿ ನಿಂತಿತು?

ರಾಯಚೂರಿನ ರಾಜೇಂದ್ರ ಗಂಜ್‌ನ ಕೆಲವು ಅಡತ್ ಅಂಗಡಿಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಲಾಟ್, ತೂಕ, ಹಮಾಲಿ, ರೈತರ ಪಟ್ಟಿ (ಮಾಲು ಮಾರಿದ ಬಿಲ್), ಬಾಕಿ ಇಷ್ಟೇ ಅದರ ಪ್ರಪಂಚ. ಈಗ ಸಾಹುಕಾರರಿಗೆ ಸ್ಕ್ರೀನ್ ನೋಡುವ ತಾಳ್ಮೆ ಇಲ್ಲ. "ನಿನ್ನೆ ಮಾನ್ವಿ ಕಡೆಯಿಂದ ಹತ್ತಿ ಎಷ್ಟು ಬಂತು?" ಅಂತ ಫೋನ್‌ನಲ್ಲೇ ಕೇಳಬೇಕು, ಎಐ ಏಜೆಂಟ್ ನಮ್ಮ ಟೂಲ್‌ಗಳನ್ನು (ಹುಡುಕುವ, ಬರೆಯುವ, ತಿದ್ದುವ ಒಂದೊಂದು ಕೆಲಸದ ಸಣ್ಣ ಪ್ರೋಗ್ರಾಮ್‌ಗಳನ್ನು) ಕರೆದು ಉತ್ತರ ಕೊಡಬೇಕು. ಏಜೆಂಟ್‌ಗೆ ಬಟನ್ ಕಾಣುವುದಿಲ್ಲ, ಪಕ್ಕದ ಗುಮಾಸ್ತನನ್ನು ಕೇಳಲೂ ಆಗುವುದಿಲ್ಲ. ನಾವು ಏನು ಬರೆದಿಟ್ಟಿದ್ದೇವೋ ಅಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಅದೇ ಮಾಡೆಲ್ (ಏಜೆಂಟ್‌ನ ಹಿಂದಿರುವ ಎಐ), ಅದೇ ಪ್ರಶ್ನೆಗಳು, ಪರೀಕ್ಷೆಗೆಂದೇ ಇಟ್ಟ ಡೇಟಾ. ಬರೆಯುವ ರೀತಿ ಮಾತ್ರ ಬದಲಿಸುತ್ತಾ ನೋಡಿದೆವು.

ಮೊದಲು ಓಪನ್‌ಎಪಿಐ, ಅಂದರೆ ಒಂದು ಸಾಫ್ಟ್‌ವೇರ್ ಅನ್ನು ಇನ್ನೊಂದು ಹೇಗೆ ಕರೆಯಬೇಕು ಅಂತ ಫೈಲ್‌ನಲ್ಲಿ ಬರೆದಿಡುವ ಪದ್ಧತಿ. ಹಿಂದೆ ಸ್ವ್ಯಾಗರ್ ಅಂತಿದ್ದದ್ದು ಇದೇ. ಪೈಥಾನ್‌ನ ಫಾಸ್ಟ್‌ಎಪಿಐ ಫ್ರೇಮ್‌ವರ್ಕ್ ಬಳಸಿದರೆ ಫೈಲ್ ತಾನಾಗಿಯೇ ತಯಾರಾಗುತ್ತದೆ, ಖರ್ಚಿಲ್ಲ. ಫೀಲ್ಡ್‌ಗಳ ಹೆಸರು, ಯಾವುದು ಕಡ್ಡಾಯ, ಯಾವುದು ಸಂಖ್ಯೆ, ಎಲ್ಲ ಸರಿ. ಆದರೆ ಆ ಸಂಖ್ಯೆ ಏನು ಅನ್ನುವುದು ಅದರಲ್ಲಿ ತಾನಾಗಿ ಬರುವುದಿಲ್ಲ. ತೂಕ ಅಂದರೆ ಒಂದು ಸಂಖ್ಯೆ, ಸರಿ. ಕೆಜಿಯೋ ಕ್ವಿಂಟಲೋ? ಕಾಟಾ ಚೀಟಿ ನೋಡಿ "4250 ತೂಕ ಬರಿ" ಅಂದರೆ ಏಜೆಂಟ್ ಹಾಗೇ ಬರೆಯಿತು. ನಮ್ಮ ಟೂಲ್ ಕೇಳುವುದು ಕ್ವಿಂಟಲ್‌ನಲ್ಲಿ. ಪಟ್ಟಿ ನೂರು ಪಟ್ಟು ಆಯಿತು. ಇದಕ್ಕೆ ಮಾಡೆಲ್ ಅನ್ನು ಬೈದು ಪ್ರಯೋಜನ ಇಲ್ಲ, ಅಲ್ವಾ?

ಎರಡನೆಯದು ಮಾರ್ಕ್‌ಡೌನ್‌ನಲ್ಲಿ, ಅಂದರೆ ಸರಳ ಪಠ್ಯದ ಫೈಲ್‌ನಲ್ಲಿ, ಬರೆದ ಉದ್ದನೆಯ ಕೈಪಿಡಿ. ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ತುಂಬಾ ಇಷ್ಟವಾಯಿತು. ಏಜೆಂಟ್‌ಗೆ ಅಷ್ಟಲ್ಲ. ಮಾತು ಬೆಳೆದಂತೆ ಮೊದಲಲ್ಲಿ ಓದಿದ ನಿಯಮದ ಹಿಡಿತ ಸಡಿಲವಾಗುತ್ತದೆ. ಕೋಡ್ ಬದಲಾದರೂ ಕೈಪಿಡಿ ಹಳೆಯದೇ ಉಳಿಯುತ್ತದೆ. 2025ರಿಂದ ಬಳಕೆಗೆ ಬಂದ ಏಜೆಂಟ್ಸ್ ಡಾಟ್ ಎಂಡಿ ಫೈಲ್ ಕೂಡ ಇದೇ ಜಾತಿಯದು, ಆದರೆ ಅದರ ಕೆಲಸ ಬೇರೆ. ಕೋಡ್ ಬರೆಯುವ ಏಜೆಂಟ್‌ಗೆ "ಟೆಸ್ಟ್ ಹೀಗೆ ಓಡಿಸು, ಈ ಫೋಲ್ಡರ್ ಮುಟ್ಟಬೇಡ" ಅಂತ ಹೇಳಲು ಚೆನ್ನಾಗಿದೆ. ಅಲ್ಲಿಗೆ ಮಾತ್ರ ಇಟ್ಟುಕೊಂಡೆವು.

ಮೂರನೆಯದು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್), ಎಐಗೆ ಟೂಲ್‌ಗಳನ್ನು ಜೋಡಿಸಲು 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಪದ್ಧತಿ. ಪ್ರತಿ ಟೂಲ್‌ಗೂ ಹೆಸರು, ವಿವರಣೆ, ಇನ್‌ಪುಟ್ ಸ್ಕೀಮಾ (ಏನೇನು ಮಾಹಿತಿ, ಯಾವ ರೂಪದಲ್ಲಿ ಕೊಡಬೇಕು ಅನ್ನುವ ನಮೂನೆ). ವಿವರಣೆ ಟೂಲ್‌ಗೆ ಅಂಟಿಕೊಂಡೇ ಇರುತ್ತದೆ, ಇದೇ ಇದರ ಬಲ. ಪಟ್ಟಿ ರದ್ದು ಮಾಡುವ ಟೂಲ್‌ಗೆ ಮೊದಲು ಇದ್ದದ್ದು "ಪಟ್ಟಿಯನ್ನು ರದ್ದು ಮಾಡುತ್ತದೆ" ಅನ್ನುವ ಒಂದೇ ಸಾಲು. ಅದು ಹೆಸರಿನಲ್ಲೇ ಇದೆಯಲ್ಲ! "ತೂಕ ತಪ್ಪಿದೆ, ಸರಿ ಮಾಡು" ಅಂದರೆ ಏಜೆಂಟ್ ಹಳೆಯದನ್ನು ರದ್ದು ಮಾಡಿ ಹೊಸ ಪಟ್ಟಿ ಹಾಕುತ್ತಿತ್ತು. ಆಮೇಲೆ ಹೀಗೆ ಬದಲಿಸಿದೆವು: "ಪಟ್ಟಿಯನ್ನು ಶಾಶ್ವತವಾಗಿ ರದ್ದು ಮಾಡುತ್ತದೆ, ವಾಪಸ್ ತರಲು ಆಗದು. ತೂಕ ಅಥವಾ ದರ ತಿದ್ದಲು ಇದನ್ನು ಬಳಸಬೇಡ, ಅದಕ್ಕೆ ತಿದ್ದುಪಡಿ ಟೂಲ್ ಇದೆ. ಪಟ್ಟಿ ನಂಬರ್ ಗೊತ್ತಿಲ್ಲದಿದ್ದರೆ ಮೊದಲು ಹುಡುಕು." ಅಲ್ಲಿಂದ ಆ ಚಾಳಿ ನಿಂತಿತು. ಟೂಲ್ ಏನು ಮಾಡುತ್ತದೆ ಅನ್ನುವುದಕ್ಕಿಂತ ಯಾವಾಗ ಮುಟ್ಟಬಾರದು ಅನ್ನುವ ಸಾಲೇ ಜಾಸ್ತಿ ಕೆಲಸ ಮಾಡಿತು.

ಇದಕ್ಕೂ ಖರ್ಚಿದೆ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಮಾತು ಶುರುವಾಗುವಾಗಲೇ ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಪಠ್ಯವನ್ನು ಓದುವ, ಎಣಿಸುವ ತುಣುಕು) ತಿನ್ನುತ್ತದೆ. ಕನ್ನಡದಲ್ಲಿ ಬರೆದರೆ ಇನ್ನೂ ಜಾಸ್ತಿ. ಅದಕ್ಕೇ ವಿವರಣೆ ಇಂಗ್ಲಿಷ್‌ನಲ್ಲಿಟ್ಟು, ಹಮಾಲಿ, ಅಡತ್ ಥರದ ಮಾತುಗಳನ್ನು ಮಾತ್ರ ಹಾಗೇ ಬಿಟ್ಟೆವು. ಇನ್ನೊಂದು ವಿಷಯ: "ಇದು ಓದುವ ಟೂಲ್ ಮಾತ್ರ" ಅಂತ ಎಂಸಿಪಿಯಲ್ಲಿ ಗುರುತು ಹಾಕಬಹುದು, ಆದರೆ ಅದು ಬರೀ ಸೂಚನೆ. ಬೀಗವನ್ನು ಸರ್ವರ್‌ನಲ್ಲೇ ಹಾಕಬೇಕು.

ನಾಲ್ಕನೆಯದು ಹಳೇ ಕಾಲದ ಕಮಾಂಡ್ ಲೈನ್ ಹೆಲ್ಪ್, ಅಂದರೆ ಟೈಪ್ ಮಾಡಿ ಓಡಿಸುವ ಕಮಾಂಡ್ ತನ್ನ ಬಳಕೆಯನ್ನು ತಾನೇ ಹೇಳುವ ಪಠ್ಯ. ಇದು ಇಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಅಂದುಕೊಂಡಿರಲಿಲ್ಲ. ಏಜೆಂಟ್ ತನಗೆ ಬೇಕಾದ ಕಮಾಂಡ್‌ನ ಹೆಲ್ಪ್ ಮಾತ್ರ ಓದುತ್ತದೆ, ಎರಡು ಉದಾಹರಣೆ ಕೊಟ್ಟರೆ ಸಾಕು. ಆದರೆ ಇದಕ್ಕೆ ಶೆಲ್ ಬೇಕು, ಅಂದರೆ ಕಂಪ್ಯೂಟರ್‌ನಲ್ಲಿ ಯಾವ ಕಮಾಂಡ್ ಬೇಕಾದರೂ ಓಡಿಸುವ ಜಾಗ. ಅಂಗಡಿಯ ಕಂಪ್ಯೂಟರ್‌ನಲ್ಲಿ ಏಜೆಂಟ್ ಕೈಗೆ ಶೆಲ್ ಕೊಡಲು ನನಗೆ ಧೈರ್ಯವಿಲ್ಲ. ನಮ್ಮ ಆಫೀಸಿನ ಬ್ಯಾಕಪ್, ತಿಂಗಳ ರಿಪೋರ್ಟ್‌ಗೆ ಈಗ ಇದೇ.

ಇನ್ನು ಎರರ್ ಮೆಸೇಜ್. ಇದನ್ನು ಯಾರೂ ಡಾಕ್ಯುಮೆಂಟ್ ಅಂತ ಎಣಿಸುವುದಿಲ್ಲ, ಆದರೆ ನಾಲ್ಕೂ ದಾರಿಗಳಲ್ಲಿ ಫಲಿತಾಂಶ ಬದಲಿಸಿದ್ದು ಇದೇ. "400, ತಪ್ಪು ವಿನಂತಿ" ಅಂದಾಗ ಏಜೆಂಟ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. "ತೂಕ ಕ್ವಿಂಟಲ್‌ನಲ್ಲಿ ಬೇಕು. ಒಂದು ಲಾಟ್‌ಗೆ 4250 ಜಾಸ್ತಿಯಾಯಿತು. ಕೆಜಿ ಆಗಿದ್ದರೆ 42.50 ಎಂದು ಕೊಡಿ" ಅಂತ ಮಾಡಿದ ಮೇಲೆ ಅದು "ಕೆಜಿಯೇನ್ರಿ?" ಅಂತ ಕೇಳಿ, ಸರಿಯಾಗಿ ಬರೆಯತೊಡಗಿತು.

ಅಂಗಡಿಗಳಿಗೆ ಎಂಸಿಪಿ ಅಂತ ನಿಕ್ಕಿ ಮಾಡಿದ್ದೇವೆ. ಅದರ ಸ್ಕೀಮಾ ಓಪನ್‌ಎಪಿಐ ಫೈಲ್‌ನಿಂದಲೇ ಬರುತ್ತದೆ, ಎರಡು ಕಡೆ ಕೈಯಲ್ಲಿ ಬರೆಯುವ ಗೋಜಿಲ್ಲ. ಬರವಣಿಗೆಗೆ ಬಗ್ಗದೇ ಉಳಿದದ್ದು ಒಂದು: ಒಂದೇ ಊರಲ್ಲಿ ಒಂದೇ ಹೆಸರಿನ ರೈತರು. "ಒಬ್ಬರಿಗಿಂತ ಜಾಸ್ತಿ ಬಂದರೆ ಕೇಳು" ಅಂತ ವಿವರಣೆಯಲ್ಲಿ ಎಷ್ಟು ಸ್ಪಷ್ಟವಾಗಿ ಬರೆದರೂ, ಆಗಾಗ ಮೊದಲನೆಯವರ ಬಾಕಿಯನ್ನೇ ಓದಿಬಿಡುತ್ತದೆ. ಈಗ ಬಾಕಿ ಟೂಲ್ ಹೆಸರನ್ನು ತೆಗೆದುಕೊಳ್ಳುವುದೇ ಇಲ್ಲ. ಹುಡುಕುವ ಟೂಲ್ ತಂದೆಯ ಹೆಸರಿನ ಜೊತೆ ಎಲ್ಲರನ್ನೂ ತೋರಿಸುತ್ತದೆ. ಸಾಹುಕಾರರು ಒಬ್ಬರನ್ನು ಆರಿಸಿದ ಮೇಲಷ್ಟೇ ಬಾಕಿ ಟೂಲ್‌ಗೆ ಬೇಕಾದ ಖಾತೆ ನಂಬರ್ ಸಿಗುತ್ತದೆ.