ಫರಸಿ ನೆಲ, ಎರಡಡಿ ಜಾಗ: ಮಷಿನ್ ಮೇಲೆ ಮಷಿನ್ ಕೂಡ್ರಿಸುವ ಕಿಟ್ ಕಲಬುರಗಿ ಮನೆಗಳಿಗೆ ಹೇಗೆ?

ವಾಷಿಂಗ್ ಮಷಿನ್ ಮೇಲೆ ಡ್ರೈಯರ್ ಕೂಡ್ರಿಸಲು ಬರುವ ಸ್ಟ್ಯಾಕಿಂಗ್ ಕಿಟ್ ನೋಡಲು ಏನೂ ಅಲ್ಲ. ಎರಡು ಪಕ್ಕಕ್ಕೆ ಪಟ್ಟಿ, ಮುಂದೊಂದು ಅಡ್ಡಪಟ್ಟಿ, ಸ್ಕ್ರೂ, ನಾಲ್ಕು ರಬ್ಬರ್ ತುಂಡು, ಅಷ್ಟೇ. ಸ್ವಲ್ಪ ಹೆಚ್ಚು ಕೊಟ್ಟರೆ ನಡುವೆ ಎಳೆಯುವ ಹಲಗೆ ಇರುವುದು ಸಿಗುತ್ತದೆ. ಬುಟ್ಟಿ ಇಡಲು ಅದು ನಿಜಕ್ಕೂ ಬೇಕು, ಜಿಪುಣತನ ಮಾಡಬೇಡಿ.

ಬಿಸಿಲೂರಿನಲ್ಲಿ ಡ್ರೈಯರ್ ಏಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಹಾಕಿದ ಚಾದರ ನೋಡುನೋಡುತ್ತಲೇ ಒಣಗುತ್ತದೆ, ಸರಿ. ಆದರೆ ಮಳೆಗಾಲದ ಜಿಟಿಜಿಟಿ, ವರ್ಷವಿಡೀ ರಸ್ತೆ ಧೂಳು, ಮಾಳಿಗೆಯ ಬೀಗದ ಕೈ ಮಾಲೀಕರ ಹತ್ತಿರವೇ ಇರುವ ಬಾಡಿಗೆ ಮನೆ: ಈ ಮೂರರಲ್ಲಿ ಎರಡಾದರೂ ಇದ್ದವರಿಗೆ ಇದು ಕೆಲಸಕ್ಕೆ ಬರುವ ಸಾಮಾನು. ಉಳಿದವರಿಗೆ ಹಗ್ಗವೇ ಸಾಕು.

ಅಳತೆ ಹೀಗೆ. ಫ್ರಂಟ್ ಲೋಡ್ ಮಷಿನ್ ಸುಮಾರು 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ. ಡ್ರೈಯರ್ ಕೂಡ ಅಷ್ಟೇ ಇದ್ದರೆ ಎರಡೂ ಸೇರಿ 170ರಿಂದ 175. ಪಕ್ಕಕ್ಕೆ ಎರಡೆರಡು ಸೆಂ.ಮೀ., ಹಿಂದೆ ಪೈಪಿಗೆ 8–10 ಸೆಂ.ಮೀ. ಬಿಡಬೇಕು. 7 ಅಡಿಯ ಸಜ್ಜಾ ಕೆಳಗೆ ಆರಾಮಾಗಿ ಹಿಡಿಯುತ್ತದೆ. ಎಡವಟ್ಟಾಗುವುದು ಬಾಗಿಲಲ್ಲಿ: ಎರಡೂವರೆ ಅಡಿ ಎಂದು ಕರೆಯುವ ಬಚ್ಚಲ ಬಾಗಿಲಿಗೆ ಚೌಕಟ್ಟು, ಕದದ ದಪ್ಪ ಕಳೆದರೆ ಉಳಿಯುವ ಸಂದು ಬಹಳ ಕಡಿಮೆ. ಟೇಪು ಹಿಡಿಯಬೇಕಾದದ್ದು ಅಲ್ಲಿ, ಗೋಡೆಗಲ್ಲ. ಟಾಪ್ ಲೋಡ್ ಇದ್ದವರಿಗೆ ಈ ಕಿಟ್ ಆಗುವುದಿಲ್ಲ. ಭಾರವಾದ ವಾಷರ್ ಯಾವಾಗಲೂ ಕೆಳಗೆ.

ಈಗ ನೆಲ. ನಮ್ಮ ಕಡೆ ಈ ಜೋಡಣೆ ಕೈಕೊಡುವುದು ಬಹುಪಾಲು ಇಲ್ಲೇ. ಎರಡೂ ಮಷಿನ್ ಸೇರಿ ನೂರು ಕಿಲೋ ದಾಟುತ್ತವೆ, ಕೆಳಗಿನದು ನಿಮಿಷಕ್ಕೆ 1200 ಸುತ್ತು ತಿರುಗುತ್ತದೆ. ಶಹಾಬಾದ ಫರಸಿಯನ್ನು ಹಲವೆಡೆ ಬರೀ ಮುರುಮು, ಉಸುಕಿನ ಮೇಲೆ ಹಾಸಿರುತ್ತಾರೆ. ನಾಣ್ಯದಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಕಲ್ಲು ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ಕಲಬುರಗಿಯ ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ, ಜೂನ್‌ನಲ್ಲಿ ಸಮವಿದ್ದ ನೆಲ ಏಪ್ರಿಲ್‌ಗೆ ವಾಲಿರಬಹುದು. ಬೀದರ್ ಊರು ಜಂಬಿಟ್ಟಿಗೆಯ ಮೇಲೆ ಕೂತಿದೆ, ಅಲ್ಲಿ ಈ ಕಾಟ ಕಡಿಮೆ. ಕರಿಮಣ್ಣಿನ ಮನೆಗಳಲ್ಲಿ ಆ ಜಾಗದ ಫರಸಿ ಎತ್ತಿ, ಕಾಂಕ್ರೀಟ್ ಹಾಕಿ, ನಾಲ್ಕು ಬೆರಳೆತ್ತರದ ಕಟ್ಟೆ ಮಾಡಿಸುವುದು ಒಳ್ಳೆಯದು. ರಸಮಟ್ಟ ಇಟ್ಟು ಎಡಬಲ, ಹಿಂದುಮುಂದು ಎರಡೂ ನೋಡಬೇಕು, ಕಾಲಿನ ನಟ್ ಬಿಗಿ ಮಾಡಬೇಕು. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮತ್ತೆ ನೋಡಬೇಕು. ಅಂಗಡಿಯವರು ಪುಕ್ಕಟೆ ಕೊಡುವ ಗಾಲಿ ಸ್ಟ್ಯಾಂಡ್ ಮೇಲೆ ಈ ಜೋಡಿಯನ್ನು ಕೂಡ್ರಿಸಲೇಬಾರದು. ಪಾಲಿಶ್ ಫರಸಿ ಮೇಲೆ ವಾಷರ್ ಮೊದಲೇ ಜಾರುತ್ತದೆ, ಗಾಲಿ ಕೊಟ್ಟರೆ ಕೇಳಬೇಕೇ!

ಕಟ್ಟೆ ಒಂದಡಿ ಏರಿಸಬೇಡಿ. ನಾಲ್ಕು ಬೆರಳಿಗೇ ಡ್ರೈಯರ್‌ನ ಗುಂಡಿಗಳು ಐದಡಿ ಎತ್ತರದವರ ತಲೆಗಿಂತ ಮೇಲೆ ಹೋಗುತ್ತವೆ. ಹಸಿ ಗಾಳಿಯನ್ನು ಹೊರಬಿಡದೆ ಒಳಗೇ ತಣಿಸಿ ನೀರಾಗಿಸುವ ಕಂಡೆನ್ಸರ್, ಹೀಟ್ ಪಂಪ್ ಡ್ರೈಯರ್‌ಗಳ ಹಲವು ಮಾಡೆಲ್‌ಗಳಲ್ಲಿ ಬಟ್ಟೆಯಿಂದ ಇಳಿದ ನೀರಿನ ಟ್ರೇ ಕೂಡ ಮೇಲ್ಮೂಲೆಯಲ್ಲೇ ಇರುತ್ತದೆ. ತುಂಬಿದ ಟ್ರೇಯನ್ನು ತುದಿಗಾಲಲ್ಲಿ ನಿಂತು ಎಳೆದರೆ ನೀರು ಮೊಳಕೈಗುಂಟ ಇಳಿಯುತ್ತದೆ. ಅದಕ್ಕೆ ಸಣ್ಣ ಡ್ರೇನ್ ಪೈಪ್ ಜೋಡಿಸಿ ನೇರ ಬಚ್ಚಲ ಮೋರಿಗೆ ಬಿಡಿಸಿ.

ಯಾವ ಡ್ರೈಯರ್? ವೆಂಟೆಡ್ ಅಗ್ಗ, ಆದರೆ ಬಿಸಿ ಹಸಿ ಗಾಳಿ ಹೊರಹಾಕಲು 4 ಇಂಚಿನ ಪೈಪಿಗೆ ಗೋಡೆಯಲ್ಲಿ ತೂತು ಬೇಕು. ಬಿಡದಿದ್ದರೆ ಬಚ್ಚಲ ಗೋಡೆಗೆ ಬೂಜು ಹಿಡಿಯುತ್ತದೆ. ಹೀಟ್ ಪಂಪ್ ದುಬಾರಿ, ಕರೆಂಟು ಅರ್ಧಕ್ಕಿಂತ ಕಡಿಮೆ ತಿನ್ನುತ್ತದೆ, ತೂತು ಬೇಡ. ಅದರ ಕೈಪಿಡಿ ತೆಗೆದು ನೋಡಿದರೆ ಕೋಣೆಯ ಉಷ್ಣತೆ ಸಾಮಾನ್ಯವಾಗಿ 5ರಿಂದ 35 ಡಿಗ್ರಿ ಇರಬೇಕೆಂದು ಬರೆದಿರುತ್ತದೆ. ನಮ್ಮಲ್ಲಿ ಬೇಸಿಗೆಗೆ 40 ದಾಟುವುದು ಹೊಸದಲ್ಲ. ಹಾಗಾಗಿ ಮೆಟ್ಟಿಲ ಮೇಲಿನ ತಗಡಿನ ಶೆಡ್ ಎಷ್ಟೇ ಖಾಲಿ ಇದ್ದರೂ ಅಲ್ಲಿಡಬೇಡಿ. ಒಣಗಿಸುವ ಹೊತ್ತು ಬೆಳೆಯುತ್ತಲೇ ಹೋಗುತ್ತದೆ. ಅಡುಗೆಮನೆ ಹಿಂದಿನ ನೆರಳಿನ ಮೂಲೆ ಮೇಲು. ಒಂದೇ ಮಷಿನ್‌ನಲ್ಲಿ ಒಗೆದು ಒಣಗಿಸುವ ಕಾಂಬೊ ನಮ್ಮ ಕಡೆಗೆ ಅಷ್ಟಾಗಿ ಒಗ್ಗದು: 8 ಕಿಲೋ ಒಗೆದರೂ ಒಮ್ಮೆಗೆ ಒಣಗಿಸುವುದು 5 ಕಿಲೋ ಆಸುಪಾಸು, ಮೇಲಾಗಿ ಹಲವು ಮಾಡೆಲ್‌ಗಳು ಒಣಗಿಸುವಾಗಲೂ ನಲ್ಲಿ ನೀರು ಬಳಸುತ್ತವೆ.

ವೈರಿಂಗ್‌ನಲ್ಲಿ ರಾಜಿ ಬೇಡ. ನೀರು ಕಾಯಿಸುವಾಗ ವಾಷರ್ 2000 ವ್ಯಾಟ್ ಆಸುಪಾಸು, ವೆಂಟೆಡ್ ಡ್ರೈಯರ್ ಕೂಡ ಅಷ್ಟೇ ಎಳೆಯುತ್ತದೆ. ಒಂದು 16 ಆಂಪ್ಸ್ ಸಾಕೆಟ್ ತಡೆಯುವುದು 3680 ವ್ಯಾಟ್. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಸಾಕೆಟ್, 4 ಚದರ ಮಿ.ಮೀ. ವೈರ್, ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್). ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ. ಗೀಸರ್ ಜೊತೆಗೆ ಎರಡನ್ನೂ ಹಾಕುವುದು ಬೇಡ. ಮನೆಯ ಇನ್ವರ್ಟರ್ ಮೇಲೆ ಡ್ರೈಯರ್ ಓಡಿಸುವ ಆಸೆ ಬಿಡಿ.

ಒಂದಂತಸ್ತಿನ ಮನೆಯಲ್ಲಿ ನೀರಿನ ಒತ್ತಡವೂ ತೊಡಕೇ. ನಲ್ಲಿಗಿಂತ ಟ್ಯಾಂಕ್ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್, ಅದಕ್ಕಿಂತ ಕಡಿಮೆಯಾದರೆ ಹಲವು ಮಷಿನ್ ನೀರಿಲ್ಲವೆಂದು ನಿಂತುಬಿಡುತ್ತವೆ. ಟ್ಯಾಂಕ್ ಎತ್ತರಿಸಿ, ಇಲ್ಲವೇ ಒತ್ತಡ ಹೆಚ್ಚಿಸುವ ಚಿಕ್ಕ ಬೂಸ್ಟರ್ ಪಂಪ್ ಹಾಕಿಸಿ.

ಕಿಟ್ ಕೊಳ್ಳುವಾಗ ಎರಡೂ ಮಷಿನ್ ಒಂದೇ ಕಂಪನಿಯವು, ಕಿಟ್ ಆ ಮಾಡೆಲ್ ನಂಬರಿನದೇ ಆಗಿರಲಿ. ಎಲ್ಲಕ್ಕೂ ಆಗುತ್ತದೆ ಎಂದು ಮಾರುವ ಬೆಲ್ಟಿನ ಕಿಟ್‌ಗಳು ನಡೆಯುತ್ತವೆ, ಆದರೆ ಅಲುಗಾಟಕ್ಕೆ ಬೆಲ್ಟ್ ಸಡಿಲಾಗುತ್ತದೆ, ಆಗಾಗ ಬಿಗಿಯಬೇಕು. ಡೆಲಿವರಿಯವರು ಮಷಿನ್ ಇಳಿಸಿ ಹೋಗಿಬಿಡುತ್ತಾರೆ, ಏರಿಸುವುದು ತಮ್ಮ ಕೆಲಸವಲ್ಲ ಎನ್ನುತ್ತಾರೆ. ಸಾಗಿಸುವಾಗ ಡ್ರಮ್ ಅಲುಗದಂತೆ ವಾಷರ್ ಹಿಂದೆ ಹಾಕಿರುವ ಟ್ರಾನ್ಸಿಟ್ ಬೋಲ್ಟ್ ಬಿಚ್ಚುವುದು, ಇಬ್ಬರು ಹಿಡಿದು ಡ್ರೈಯರ್ ಏರಿಸುವುದು, ಕಿಟ್ ಜೋಡಿಸಿ ಖಾಲಿ ಸ್ಪಿನ್ ಓಡಿಸಿ ತೋರಿಸುವುದು, ಇಷ್ಟನ್ನೂ ಹಣ ಕೊಡುವ ಮುಂಚೆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.