ಪಿಡಿಬಿ-101: ಪ್ರೋಟೀನ್ ತಯಾರಿಕೆ ಕಣ್ಣಾರೆ ನೋಡಬೇಕು ಅನ್ನುವವರಿಗೆ

ದ್ವಿತೀಯ ಪಿಯುಸಿಗೆ ಬಯಾಲಜಿ ಪಾಠ ಮಾಡುವವರು, ನೀಟ್‌ಗೆ ಓದುತ್ತಿರುವವರು, ಸುಮ್ನೆ ಕುತೂಹಲಕ್ಕೆ ವಿಜ್ಞಾನ ಓದುವವರು, ಎಲ್ಲರೂ ಈ ವೆಬ್‌ಸೈಟನ್ನು ಒಮ್ಮೆಯಾದರೂ ತೆರೆದು ನೋಡಬೇಕು. ಹೆಸರು ಪಿಡಿಬಿ-101. ದುಡ್ಡು ಕೊಡಬೇಕಿಲ್ಲ. ಲಾಗಿನ್ ಬೇಡ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಅಂತ ನಾವು ಬೋರ್ಡ್ ಮೇಲೆ ಎರಡು ಬಾಣ ಎಳೆದು ಮುಂದೆ ಹೋಗುತ್ತೇವಲ್ಲ, ಆ ಬಾಣಗಳ ಜಾಗದಲ್ಲಿ ನಿಜವಾಗಿ ಏನು ಕೂತಿದೆ ಅಂತ ಇಲ್ಲಿ ನೋಡಬಹುದು. ಪ್ರಯೋಗಾಲಯದಲ್ಲಿ ಅಳೆದು ಗುರುತಿಸಿದ ಪರಮಾಣುಗಳನ್ನೇ ತಿರುಗಿಸಿ, ಹತ್ತಿರ ತಂದು ನೋಡಬಹುದು.

ಇದು ಪ್ರೋಟೀನ್ ಡೇಟಾ ಬ್ಯಾಂಕ್‌ನ ಕಲಿಕೆಯ ವಿಭಾಗ. ಬ್ಯಾಂಕ್ 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಬರೀ 7 ರಚನೆಗಳಿಂದ ಶುರುವಾಯಿತು. ಈಗ ಅಲ್ಲಿ 2 ಲಕ್ಷಕ್ಕೂ ಜಾಸ್ತಿ ಇವೆ. ಯಾರಾದರೂ ಒಂದು ಪ್ರೋಟೀನಿನ ಹರಳು ಮಾಡಿ ಎಕ್ಸ್-ರೇ ಹಾಯಿಸಿ, ಅಥವಾ ಅದನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ರಚನೆ ಕಂಡುಹಿಡಿದರೆ, ಪ್ರತಿಯೊಂದು ಪರಮಾಣು ಎಲ್ಲಿದೆ ಅನ್ನುವ ಲೆಕ್ಕವನ್ನು ಇಲ್ಲಿಗೆ ಕೊಡುತ್ತಾರೆ, ಅದು ಇಡೀ ಜಗತ್ತಿಗೆ ಪುಕ್ಕಟೆ ಸಿಗುತ್ತದೆ. 101ರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ತಿಂಗಳಿಗೊಂದು ಅಣುವಿನ ಬಗ್ಗೆ ಬರುವ ಪುಟ್ಟ ಲೇಖನ. 2000ರ ಜನವರಿಯಲ್ಲಿ ಮಯೋಗ್ಲೋಬಿನ್‌ನಿಂದ ಶುರು ಮಾಡಿದವರು ಡೇವಿಡ್ ಗುಡ್‌ಸೆಲ್. ಅವರು ವಿಜ್ಞಾನಿಯೂ ಹೌದು, ಚಿತ್ರಕಾರರೂ ಹೌದು. ಜೀವಕೋಶದ ಒಳಗೆ ಅಣುಗಳು ಒಂದಕ್ಕೊಂದು ಒತ್ತಿಕೊಂಡು ಕಿಕ್ಕಿರಿದಿರುವ ಅವರ ಜಲವರ್ಣ ಚಿತ್ರ ನೋಡಿದ ಮೇಲೆ, ಪಠ್ಯಪುಸ್ತಕದ ಜೀವಕೋಶದಲ್ಲಿ ಅಷ್ಟೊಂದು ಖಾಲಿ ಜಾಗ ಯಾಕೆ ಬಿಟ್ಟಿದ್ದಾರೆ ಅನಿಸುತ್ತದೆ.

ಮೊದಲು ಟಿಆರ್‌ಎನ್‌ಎ ನೋಡಿ, ಅಂದರೆ ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು ಹೊತ್ತು ತರುವ ಪುಟ್ಟ ಆರ್‌ಎನ್‌ಎ. ಪುಸ್ತಕದಲ್ಲಿ ಮೂರೆಲೆಯ ಕ್ಲೋವರ್ ಚಿತ್ರ ಇರುತ್ತದೆ. ನಿಜವಾದ ಆಕಾರ ತಲೆಕೆಳಗಾದ ಎಲ್ ಅಕ್ಷರ ಅಂತ ಒಂದು ಸಾಲೂ ಇರುತ್ತದೆ. ಮಕ್ಕಳಿಗೆ ನೆನಪಿರುವುದು ಚಿತ್ರವೇ, ಆ ಸಾಲು ಅಲ್ಲ. ಬ್ಯಾಂಕಿನ ಮುಖ್ಯ ತಾಣದಲ್ಲಿ ಸರ್ಚ್ ಮಾಡುವ ಜಾಗದಲ್ಲಿ ಈ ರಚನೆಯ ಸಂಕೇತ 1ಇಎಚ್‌ಝೆಡ್ (1EHZ) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಯೀಸ್ಟ್‌ನ ಟಿಆರ್‌ಎನ್‌ಎ ಬರುತ್ತದೆ, 76 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎಯ ಒಂದೊಂದು ಅಕ್ಷರ) ಉದ್ದದ್ದು. ಮೌಸ್ ಹಿಡಿದು ತಿರುಗಿಸಿದರೆ ಎಲ್ ಆಕಾರ ತಾನೇ ಎದ್ದು ಕಾಣುತ್ತದೆ. ಒಂದು ತುದಿಯಲ್ಲಿ ಆಂಟಿಕೋಡಾನಿನ ಮೂರು ಅಕ್ಷರ, ಕೋಡ್ ಓದುವ ಜಾಗ. ಇನ್ನೊಂದು ತುದಿಯಲ್ಲಿ ಸಿ-ಸಿ-ಎ ಬಾಲ, ಅಮೈನೋ ಆಮ್ಲ ಹತ್ತಿ ಕೂರುವ ಜಾಗ. ಎರಡರ ನಡುವೆ ಸುಮಾರು 7 ನ್ಯಾನೋಮೀಟರ್ ಅಂತರ. ಅಂದರೆ ಕೋಡ್ ಓದುವ ತುದಿಗೆ ಅಮೈನೋ ಆಮ್ಲ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ! ಇದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ನಾಟುವುದಿಲ್ಲ, ಪರದೆ ಮೇಲೆ ನೋಡಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಹಾಗಾದರೆ ಸರಿಯಾದ ಅಮೈನೋ ಆಮ್ಲವನ್ನೇ ಹಚ್ಚುವವರು ಯಾರು?

ಪುಸ್ತಕದಲ್ಲಿ ಇದಕ್ಕೆ ಟಿಆರ್‌ಎನ್‌ಎ ಚಾರ್ಜ್ ಆಗುತ್ತದೆ ಅಂತ ಒಂದೇ ಮಾತಿನ ಉತ್ತರ. ನನ್ನ ಪ್ರಕಾರ ಇಡೀ ಅಧ್ಯಾಯದಲ್ಲಿ ಅನ್ಯಾಯ ಆಗಿರುವುದು ಈ ಹಂತಕ್ಕೇ. ಇದನ್ನು ಮಾಡುವ ಕಿಣ್ವಗಳ ಗುಂಪಿಗೆ ಸಿಂಥೆಟೇಸ್ ಅನ್ನುತ್ತಾರೆ. ಸಾಮಾನ್ಯವಾಗಿ 20 ಅಮೈನೋ ಆಮ್ಲಕ್ಕೂ ಒಂದೊಂದು ಇರುತ್ತದೆ. ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ನಾಣ್ಯ, ಖರ್ಚು ಮಾಡಿ ಸರಿಯಾದ ಅಮೈನೋ ಆಮ್ಲವನ್ನು ಸರಿಯಾದ ಟಿಆರ್‌ಎನ್‌ಎಗೆ ಹಚ್ಚುವುದು ಇವುಗಳ ಕೆಲಸ. ಐಸೋಲ್ಯೂಸಿನ್ ಮತ್ತು ವ್ಯಾಲಿನ್ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಕಾರ್ಬನ್ ಮತ್ತು ಎರಡು ಹೈಡ್ರೋಜನ್. ಐಸೋಲ್ಯೂಸಿನ್‌ನ ಕಿಣ್ವದಲ್ಲಿ, ತಪ್ಪಿ ವ್ಯಾಲಿನ್ ಹತ್ತಿಕೊಂಡಿದ್ದರೆ ಅದನ್ನು ಕತ್ತರಿಸಿ ಬಿಸಾಕಲು ಇನ್ನೊಂದು ಕುಳಿಯೇ ಇದೆ. ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಜೋಡಿಸುವ ಯಂತ್ರವಾದ ರೈಬೋಸೋಮ್ ಈ ತಪಾಸಣೆ ಮಾಡುವುದಿಲ್ಲ. 1962ರಲ್ಲೇ ಒಂದು ಪ್ರಯೋಗ ಮಾಡಿದ್ದರು. ಟಿಆರ್‌ಎನ್‌ಎ ಮೇಲೆ ಕೂತಿದ್ದ ಸಿಸ್ಟೀನನ್ನು ರಾಸಾಯನಿಕವಾಗಿ ಅಲನಿನ್ ಮಾಡಿಬಿಟ್ಟರು. ರೈಬೋಸೋಮ್ ಆಕ್ಷೇಪ ಮಾಡದೆ ಸಿಸ್ಟೀನ್ ಇರಬೇಕಾದ ಕಡೆ ಅಲನಿನ್ ಜೋಡಿಸಿತು. ಜೆನೆಟಿಕ್ ಕೋಡ್ ಬಿಡಿಸಿದವರಲ್ಲಿ ಒಬ್ಬರಾದ ಹರಗೋಬಿಂದ್ ಖೊರಾನಾ ಅವರ ಹೆಸರು, 64 ಕೋಡಾನ್ (ಕೋಡಿನ ಮೂರಕ್ಷರದ ಪದ), 1968ರ ನೊಬೆಲ್, ಎಲ್ಲವನ್ನೂ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಆ ಕೋಡನ್ನು ಜೀವಕೋಶದಲ್ಲಿ ಜಾರಿಗೆ ತರುವವರು ಈ ಕಿಣ್ವಗಳು ಅಂತ ಗೊತ್ತಾದರೆ ಬಾಯಿಪಾಠಕ್ಕೂ ಒಂದು ಅರ್ಥ ಬರುತ್ತದೆ. 101ರಲ್ಲಿ ಇವುಗಳ ಬಗ್ಗೆ ಬೇರೆಯೇ ಲೇಖನ ಇದೆ, ಬಿಡಬೇಡಿ.

ಇನ್ನು ರೈಬೋಸೋಮ್. ಪರೀಕ್ಷೆಗೆ ನಾವು ಬರೆಯುವುದು ಒಂದು ಇಡ್ಲಿ ಮೇಲೆ ಇನ್ನೊಂದು ಇಡ್ಲಿ ಇಟ್ಟ ಹಾಗಿನ ಚಿತ್ರ. ಇಲ್ಲಿ ತೆರೆದರೆ ಬರುವುದು ಸುಮಾರು ಒಂದೂವರೆ ಲಕ್ಷ ಪರಮಾಣುಗಳ ರಾಶಿ, ಹೈಡ್ರೋಜನ್ ಲೆಕ್ಕಕ್ಕೆ ಹಿಡಿಯದೆ. ಇದರ ರಚನೆ ಬಿಡಿಸಿದ್ದಕ್ಕೆ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್, ಅಡಾ ಯೋನತ್ ಮೂವರಿಗೂ 2009ರಲ್ಲಿ ನೊಬೆಲ್ ಬಂತು. ಸ್ಟೈಟ್ಜ್ ತಂಡ ಬಿಡಿಸಿದ ದೊಡ್ಡ ಘಟಕ, ಅಂದರೆ ಎರಡು ಇಡ್ಲಿಗಳಲ್ಲಿ ದೊಡ್ಡದು, ಮೃತ ಸಮುದ್ರದ ಒಂದು ಸೂಕ್ಷ್ಮಜೀವಿಯದ್ದು. ಅದನ್ನು ತೆರೆದು ಪ್ರೋಟೀನಿಗೆ ಒಂದು ಬಣ್ಣ, ಆರ್‌ಎನ್‌ಎಗೆ ಇನ್ನೊಂದು ಬಣ್ಣ ಕೊಡಿ. ಆಮೇಲೆ ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಜಾಗಕ್ಕೆ ಹೋಗಿ. ಸುತ್ತಲೂ ಬರೀ ಆರ್‌ಎನ್‌ಎ. ಆ ರಚನೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಪ್ರೋಟೀನ್ ಕೂಡ ಸುಮಾರು 1.8 ನ್ಯಾನೋಮೀಟರ್ ದೂರದಲ್ಲಿದೆ, ಬೆಸುಗೆಗೆ ಕೈ ಹಾಕಲಾಗದಷ್ಟು ದೂರ. ಅಂದರೆ ಪ್ರೋಟೀನ್ ಮಾಡುವ ಕೆಲಸ ಆರ್‌ಎನ್‌ಎಯದ್ದೇ. ಪ್ರೋಟೀನ್ ಮಾಡಲು ಪ್ರೋಟೀನ್ ಬೇಕು ಅಂದರೆ ಮೊದಲ ಪ್ರೋಟೀನ್ ಎಲ್ಲಿಂದ ಬಂತು ಸರ್, ಅಂತ ಚುರುಕಾದ ಮಕ್ಕಳು ಕೇಳುತ್ತಾರೆ. ಅವರನ್ನು ಕರೆದು ಈ ಪುಟದ ಮುಂದೆ ಕೂರಿಸಿದರೆ ಉತ್ತರದ ಅರ್ಧ ಭಾಗ ಅವರೇ ಹೇಳುತ್ತಾರೆ.

ಅಲ್ಲೇ ಹೊಸ ಪ್ರೋಟೀನ್ ಹೊರಗೆ ಬರುವ ಸುರಂಗವೂ ಕಾಣುತ್ತದೆ. ಬ್ಯಾಕ್ಟೀರಿಯಾದ ರೈಬೋಸೋಮ್ ಸೆಕೆಂಡಿಗೆ ಸುಮಾರು 15ರಿಂದ 20 ಅಮೈನೋ ಆಮ್ಲ ಜೋಡಿಸಿ ಈ ಸುರಂಗದೊಳಗೆ ತಳ್ಳುತ್ತದೆ. ಗಂಟಲು ನೋವಿಗೆ, ಕೆಮ್ಮಿಗೆ ಡಾಕ್ಟರ್ ಬರೆದುಕೊಡುವ ಅಜಿಥ್ರೋಮೈಸಿನ್ ಹೋಗಿ ಕೂರುವುದು ಇದೇ ಸುರಂಗದ ಬಾಯಿ ಹತ್ತಿರ. ಔಷಧಿ ಅಂಟಿಕೊಂಡಿರುವ ರಚನೆಗಳೂ ಬ್ಯಾಂಕಿನಲ್ಲಿವೆ. ನಮ್ಮ ಜೀವಕೋಶದ ರೈಬೋಸೋಮ್ ಆ ಜಾಗದಲ್ಲಿ ಸ್ವಲ್ಪ ಬೇರೆ ಥರ ಇರುವುದರಿಂದ ಮಾತ್ರೆ ಬ್ಯಾಕ್ಟೀರಿಯಾಕ್ಕೆ ಹೊಡೆಯುತ್ತದೆ, ನಮ್ಮನ್ನು ಬಿಡುತ್ತದೆ. ಆಂಟಿಬಯೋಟಿಕ್ ವೈರಸ್ ಜ್ವರಕ್ಕೆ ಕೆಲಸ ಮಾಡಲ್ಲ ಯಾಕೆ ಅಂತ ಮನೆಯವರಿಗೆ ಹೇಳಬೇಕಾದಾಗಲೂ ಈ ಚಿತ್ರ ಅನುಕೂಲ. ವೈರಸ್‌ಗೆ ಸ್ವಂತ ರೈಬೋಸೋಮೇ ಇಲ್ಲವಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟ್ರಿಪ್ಸಿನ್, ಆಹಾರದ ಪ್ರೋಟೀನ್ ಅರಗಿಸುವ ಕಿಣ್ವ. ರೈಬೋಸೋಮ್‌ನಿಂದ ಸರಪಳಿ ಹೊರಗೆ ಬಂದ ತಕ್ಷಣ ಕಿಣ್ವ ಸಿದ್ಧ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. 2ಪಿಟಿಎನ್ ಅಂತ ಹೊಡೆದು ಹಸುವಿನ ಟ್ರಿಪ್ಸಿನ್ ತೆರೆಯಿರಿ. ಸೀಕ್ವೆನ್ಸ್ ಪಟ್ಟಿಯಲ್ಲಿ 195ನೇ ಸೆರಿನ್ ಮೇಲೆ ಕ್ಲಿಕ್ ಮಾಡಿ. ಚಿತ್ರ ಸೀದಾ ಅಲ್ಲಿಗೆ ಹೋಗುತ್ತದೆ, ಸುತ್ತ ಯಾರಿದ್ದಾರೆ ಅಂತ ತೋರಿಸುತ್ತದೆ. ಪಕ್ಕದಲ್ಲೇ 57ನೇ ಹಿಸ್ಟಿಡಿನ್, ಅದರ ಆಚೆ 102ನೇ ಆಸ್ಪಾರ್ಟೇಟ್, ನಡುವೆ ಹೈಡ್ರೋಜನ್ ಬಂಧದ ಚುಕ್ಕಿ ಗೆರೆ. ಸರಪಳಿಯಲ್ಲಿ ಒಂದಕ್ಕೊಂದು ಅಷ್ಟು ದೂರ ಇರುವ ಮೂರು ಅಮೈನೋ ಆಮ್ಲ, ಸರಪಳಿ ಮಡಚಿಕೊಂಡಾಗ ಒಂದೇ ಕಡೆ ಬಂದು ಸೇರಿವೆ. ಆಹಾರದ ಪ್ರೋಟೀನ್ ಕತ್ತರಿಸುವುದು ಈ ಮೂವರು ಸೇರಿ. ಮಡಿಕೆ ಬಿಚ್ಚಿದರೆ ಕೆಲಸ ನಿಂತಿತು. ಬಿಸಿ ಮಾಡಿದರೆ ಕಿಣ್ವ ಹಾಳಾಗುತ್ತದೆ ಅಂತ ಬರೆಸುತ್ತೇವಲ್ಲ, ಕಾರಣ ಇಲ್ಲಿ ಕಣ್ಣೆದುರೇ ಇದೆ.

ಇಷ್ಟಕ್ಕೇ ಮುಗಿಯಲಿಲ್ಲ. ಮೇದೋಜೀರಕ ಗ್ರಂಥಿ ಇದನ್ನು ಟ್ರಿಪ್ಸಿನೋಜನ್ ಅನ್ನುವ ಕೆಲಸ ಮಾಡದ ರೂಪದಲ್ಲಿ ತಯಾರಿಸುತ್ತದೆ. ಅಲ್ಲೇ ಚುರುಕಾದರೆ ಗ್ರಂಥಿಯನ್ನೇ ಅರಗಿಸಿಬಿಡುತ್ತದೆ, ಪ್ಯಾಂಕ್ರಿಯಾಟೈಟಿಸ್‌ನಲ್ಲಿ (ಈ ಗ್ರಂಥಿಯ ಉರಿಯೂತ) ಆಗುವ ಅನಾಹುತ ಇದೇ. ಸಣ್ಣ ಕರುಳಿಗೆ ಬಂದ ಮೇಲೆ ಇನ್ನೊಂದು ಕಿಣ್ವ ಅದರ ಮುಂದಿನ 6 ಅಮೈನೋ ಆಮ್ಲ ಕತ್ತರಿಸುತ್ತದೆ. ಆಗ ಹೊಸದಾಗಿ ಹೊರಬಿದ್ದ ತುದಿ, ಅಂದರೆ 16ನೇ ಐಸೋಲ್ಯೂಸಿನ್ (ಈ ಸಂಖ್ಯೆಗಳು ಕೈಮೋಟ್ರಿಪ್ಸಿನ್ ಅನ್ನುವ ಸೋದರ ಕಿಣ್ವದ ಎಣಿಕೆಯಂತೆ, ಅದಕ್ಕೇ 7 ಅಲ್ಲ 16), ಒಳಗೆ ನುಗ್ಗಿ 194ನೇ ಆಸ್ಪಾರ್ಟೇಟ್ ಜೊತೆ ಕಟ್ಟಿಕೊಳ್ಳುತ್ತದೆ. 194 ಅಂದರೆ ಕೆಲಸಗಾರ 195ರ ಪಕ್ಕದ ಮನೆ. ಆ ಒಂದು ಕಟ್ಟಿನಿಂದ ಸುತ್ತಲಿನ ಕುಣಿಕೆಗಳೆಲ್ಲ ತಮ್ಮ ಜಾಗಕ್ಕೆ ಬಂದು ಕೂರುತ್ತವೆ, ಕಿಣ್ವ ಕೆಲಸ ಶುರು ಮಾಡುತ್ತದೆ. 2ಪಿಟಿಎನ್‌ನಲ್ಲೇ 16ರ ಮೇಲೆ ಕ್ಲಿಕ್ ಮಾಡಿ, ಆ ಕಟ್ಟು ಕಾಣುತ್ತದೆ. ಜೀನಿನಲ್ಲಿ ಬರೆದದ್ದು ಹೊಟ್ಟೆಯಲ್ಲಿ ಕೆಲಸವಾಗಿ ಬದಲಾಗುವ ಕೊನೆಯ ಹೆಜ್ಜೆಯನ್ನು ಇಷ್ಟು ಹತ್ತಿರದಿಂದ ನೋಡುವುದು ಎಷ್ಟು ಖುಷಿ ಕೊಡುತ್ತದೆ ಅಂತ ಹೇಳಲು ಆಗುವುದಿಲ್ಲ.

ಪ್ರತಿ ರಚನೆಯ ಪುಟದಲ್ಲೂ ಗುಣಮಟ್ಟ ತೋರಿಸುವ ಒಂದು ಪಟ್ಟಿ ಇರುತ್ತದೆ. ಕೆಂಪಿಂದ ನೀಲಿಗೆ ಹೋಗುವ ಅಡ್ಡ ಗೆರೆಗಳು. ಅದರಲ್ಲಿ ಒಂದು ಗೆರೆಯ ಹೆಸರು ರಾಮಚಂದ್ರನ್. ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿ 1963ರಲ್ಲಿ ಪ್ರಕಟಿಸಿದ ನಕ್ಷೆಯೇ ಅದು. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ಅವರ ತಂಡ ಲೆಕ್ಕ ಹಾಕಿತ್ತು. ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನ್ ರಚನೆ ಬಿಡಿಸಿದರೂ ಆ ನಕ್ಷೆಗೆ ಹಿಡಿದು ನೋಡುತ್ತಾರೆ. ನಮ್ಮ ಮಕ್ಕಳಿಗೆ ಇದನ್ನು ಬೆರಳು ಮಾಡಿ ತೋರಿಸಲೇಬೇಕು.

ಒಂದು ಎಚ್ಚರಿಕೆ. ಬ್ಯಾಂಕಿನ ಮುಖ್ಯ ತಾಣದಲ್ಲಿ ಈಗ ಅಳೆದ ರಚನೆಗಳ ಜೊತೆ ಆಲ್ಫಾಫೋಲ್ಡ್ ಥರದ ಕಂಪ್ಯೂಟರ್ ಊಹಿಸಿದ ರಚನೆಗಳೂ ಸಿಗುತ್ತವೆ. ಬೇರೆ ಗುರುತು ಹಾಕಿರುತ್ತಾರೆ, ಗಮನಿಸಿ. 2024ರ ನೊಬೆಲ್ ಬಂದ ಆ ಕೆಲಸ ದೊಡ್ಡದೇ, ಆದರೆ ಕಂಪ್ಯೂಟರ್ ಕಲಿತದ್ದು ಇದೇ ಬ್ಯಾಂಕಿನ ಅಳೆದ ರಚನೆಗಳನ್ನು ನೋಡಿ. ಕಲಿಯಲು ಶುರು ಮಾಡುವವರು ಅಳೆದದ್ದನ್ನೇ ಮೊದಲು ನೋಡುವುದು ಒಳ್ಳೆಯದು.

ಕೊರತೆಗಳೂ ಇವೆ. ಕನ್ನಡ ಇಲ್ಲ. ಇಂಗ್ಲಿಷ್ ಸರಳವಾಗಿದೆ ನಿಜ, ಆದರೂ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಪಕ್ಕದಲ್ಲಿ ಯಾರಾದರೂ ಕೂತು ಹೇಳಬೇಕು. ಕಡಿಮೆ ಬೆಲೆಯ ಫೋನಿನಲ್ಲಿ ಟಿಆರ್‌ಎನ್‌ಎ, ಟ್ರಿಪ್ಸಿನ್ ಥರದ್ದು ಆರಾಮಾಗಿ ತಿರುಗುತ್ತದೆ, ರೈಬೋಸೋಮ್ ತೆರೆದರೆ ಫೋನ್ ಒದ್ದಾಡುತ್ತದೆ. ಅದಕ್ಕೆ ಲ್ಯಾಪ್‌ಟಾಪೇ ಬೇಕು. ಲೇಖನಗಳು ಬಿಡಿ ಬಿಡಿಯಾಗಿವೆ, ಡಿಎನ್‌ಎಯಿಂದ ಕಿಣ್ವದವರೆಗೆ ಕೈ ಹಿಡಿದು ಕರೆದೊಯ್ಯುವ ಒಂದು ದಾರಿ ನಾವೇ ಮಾಡಿಕೊಳ್ಳಬೇಕು. ನಾನು ಹೋಗುವ ಕ್ರಮ: ಡಿಎನ್‌ಎ ನೋಡಿ ಆರ್‌ಎನ್‌ಎ ಮಾಡುವ ಆರ್‌ಎನ್‌ಎ ಪಾಲಿಮರೇಸ್, ಟಿಆರ್‌ಎನ್‌ಎ, ಸಿಂಥೆಟೇಸ್, ರೈಬೋಸೋಮ್, ಮಡಚಲು ನೆರವಾಗುವ ಶಾಪರೋನ್, ಕೊನೆಗೆ ಟ್ರಿಪ್ಸಿನ್. ಮುಖ್ಯ ತಾಣದ ಸರ್ಚ್‌ಗೆ ಸೀದಾ ಹೋಗಿ ಟ್ರಿಪ್ಸಿನ್ ಅಂತ ಹೊಡೆದರೆ ನೂರಾರು ರಚನೆ ಬಂದು ತಲೆ ತಿರುಗುತ್ತದೆ, 101ರ ಲೇಖನದಲ್ಲಿ ಕೊಟ್ಟಿರುವ ಸಂಕೇತ ಹಿಡಿದು ಹೋಗುವುದೇ ಸುಲಭ.

ಇನ್ನೆರಡು ವಿಷಯ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಬಣ್ಣಗಳು ನಾವು ಹಚ್ಚಿಕೊಂಡವು, ಅಣುವಿಗೆ ಆ ಬಣ್ಣ ಇಲ್ಲ. ಮತ್ತೆ ಇವೆಲ್ಲ ನಿಂತ ಚಿತ್ರಗಳು. ಜೀವಕೋಶದಲ್ಲಿ ಇವು ಸದಾ ಅಲುಗಾಡುತ್ತಿರುತ್ತವೆ, ತುಂಬಾ ಅಲುಗಾಡುವ ಭಾಗ ಅಳತೆಗೆ ಸಿಗದೆ ರಚನೆಯಲ್ಲಿ ಬಿಟ್ಟುಹೋಗಿರುತ್ತದೆ. ಟ್ರಿಪ್ಸಿನೋಜನ್‌ನಲ್ಲಿ ಕಾಣದೆ ಹೋಗುವ ಭಾಗ, ಟ್ರಿಪ್ಸಿನ್ ಆದ ಮೇಲೆ ಸ್ಪಷ್ಟವಾಗಿ ಕಾಣುವುದು ಇದೇ ಕಾರಣಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, ಅದೇ ಒಂದು ಪಾಠ.

ಪ್ರೊಜೆಕ್ಟರ್ ಇಲ್ಲದ ಕಾಲೇಜಿನವರು ಬೇಜಾರು ಮಾಡಿಕೊಳ್ಳಬೇಡಿ. ಪ್ರಿಂಟ್ ತೆಗೆದು ಕತ್ತರಿಸಿ ಮಡಚುವ ಕಾಗದದ ಮಾದರಿಗಳಿವೆ, ಡಿಎನ್‌ಎಯದ್ದೂ ಇದೆ, ಡೆಂಗ್ಯೂ ವೈರಸ್‌ನದ್ದೂ ಇದೆ. ಸ್ವಲ್ಪ ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ತೆಳುವಾದದ್ದು ಮಡಿಕೆ ನಿಲ್ಲುವುದಿಲ್ಲ. ಹೆಸರು ಕೊಟ್ಟು ಬಳಸಿದರೆ ಚಿತ್ರಗಳನ್ನು ತರಗತಿಯಲ್ಲಿ ಹಂಚಲು ಅವರ ಅಭ್ಯಂತರ ಇಲ್ಲ. ಯಾರಾದರೂ ಟಿಆರ್‌ಎನ್‌ಎ ಮತ್ತು ರೈಬೋಸೋಮ್ ಚಿತ್ರಗಳಿಗೆ ಕನ್ನಡದಲ್ಲಿ ಹೆಸರು ಹಾಕಿ ಪೋಸ್ಟರ್ ಮಾಡಿದ್ದರೆ ದಯವಿಟ್ಟು ಹಂಚಿಕೊಳ್ಳಿ, ನಮ್ಮ ಲ್ಯಾಬಿನ ಗೋಡೆಗೆ ಬೇಕು.